ಮುಂದಿನ ಬೆಂಚಿನ ಮೇಷ್ಟ್ರು

ಮೇಷ್ಟ್ರ ಬಲಮೊಣಕಾಲು ನಡುಗಿದರೆ ಇಡೀ ಬೆಂಚೇ ನಡುಗುತ್ತಿತ್ತು. ತರಗತಿಯಲ್ಲಿ ಅದರ ಸುಳಿವೇ ಇರಲಿಲ್ಲ. ನಾಟಕದ ದಿನ ಮೂರನೇ ಬೆಲ್ ಆದೊಡನೆ ಶುರುವಾಗುತ್ತಿತ್ತು.

ಕೊಡಗಿನ ಮೂರ್ನಾಡಿನ ಹತ್ತಿರದ ನಮ್ಮ ಹೈಸ್ಕೂಲಿನಲ್ಲಿ ಅವರು ಕನ್ನಡ ಕಲಿಸುತ್ತಿದ್ದರು. ವರ್ಷಕ್ಕೊಂದು ರಾಜಕೀಯ ಪ್ರಹಸನ ಬರೆದು ನಮ್ಮಂಥ ಮಕ್ಕಳಿಂದ ಆಡಿಸುತ್ತಿದ್ದರು. "ಕುರ್ಚಿ ಸಿಕ್ಕಿದ್ರೆ ನಾನು ಎಂಥೆಲ್ಲ ಮಾಡ್ತಿದ್ದೆ ಅಂತ ಮೊದಲು ಬರೀತೇನೆ. ಆಮೇಲೆ ಅದಕ್ಕೆ ಖಾದಿ ಹಾಕ್ತೇನೆ, ಅಷ್ಟೇ" ಎನ್ನುತ್ತಿದ್ದರು. ಯಾರನ್ನು ಗೇಲಿ ಮಾಡಿದ್ದಾರೋ ಅವರನ್ನೇ ಕರೆಸಿ, ಮುಂದಿನ ಬೆಂಚಿನಲ್ಲಿ ಅವರ ಪಕ್ಕದಲ್ಲೇ ಕೂರುತ್ತಿದ್ದರು.

"ಕೋಪ ಬಂದ್ರೆ ಕೈಗೆ ಮೊದಲು ನಾನು ಸಿಗ್ಬೇಕು ಮಾರಾಯ್ತಿ. ಸ್ಟೇಜಿನಲ್ಲಿರುವ ಮಕ್ಕಳಲ್ಲ" ಎಂದು ನನಗೆ ಹೇಳುತ್ತಿದ್ದರು.

ಒಮ್ಮೆ ನಮ್ಮೂರ ಮುಖಂಡರ ಮೇಲೆ ಬರೆದರು. ಪ್ರತಿ ಚುನಾವಣೆಯಲ್ಲೂ ತೋಟಗಳಿಗೆ ಆನೆ ಬಾರದಂತೆ ಕಂದಕ ತೋಡಿಸುತ್ತೇನೆಂದು ಭಾಷಣ ಬಿಗಿಯುವವರು ಅವರು. ನಾಟಕದಲ್ಲಿ ಕಂದಕದ ಉದ್ಘಾಟನೆಗೆ ಎಲ್ಲರಿಗಿಂತ ಮೊದಲು ಆನೆಯೇ ಬಂದು ರಿಬ್ಬನ್ ತುಳಿಯುತ್ತದೆ. ಆ ಆನೆ ನಾನು. ಹಾಲ್ ಮುಖಂಡರದ್ದೇ, ಹಿಂದೆ ಸಾಲಾಗಿ ನಿಂತವರೂ ಅವರ ಕಡೆಯವರೇ. ಮುಖವಾಡದೊಳಗೆ ಬೆವರಿ ನೀರಾಗಿ ರಿಬ್ಬನ್ ತುಳಿದೆ. ಯಾರೂ ಪಿಟಕ್ಕೆನ್ನಲಿಲ್ಲ. ಮೇಷ್ಟ್ರೊಬ್ಬರೇ ಬಿದ್ದು ಬಿದ್ದು ನಕ್ಕರು. ಮುಖಂಡರು ಅವರನ್ನು ದುರುಗುಟ್ಟಿ ನೋಡಿದರು, ಸ್ವಲ್ಪ ಹೊತ್ತಿಗೆ ತಾವೂ ನಕ್ಕುಬಿಟ್ಟರು. ನನಗೆ ಹೋದ ಜೀವ ಬಂತು.

ಕಳೆದ ಮಳೆಗಾಲದಲ್ಲಿ ಮೇಷ್ಟ್ರು ತೀರಿಕೊಂಡರು. ಈಗ ಅದೇ ಶಾಲೆಯಲ್ಲಿ ನಾನು ಟೀಚರ್. ನಾಟಕ ನಿಲ್ಲಬಾರದೆಂದು ಈ ವರ್ಷದ ಪ್ರಹಸನವನ್ನು ನಾನೇ ಬರೆದೆ, ಅದೇ ಮುಖಂಡರ ಮೇಲೆ. ಬರೆಯುವಾಗ ಇದ್ದ ಹುರುಪು ದಿನ ಹತ್ತಿರವಾದಂತೆ ಇಳಿಯಿತು. ಈಗಂತೂ ಒಂದು ತುಣುಕು ಮೊಬೈಲಿನಲ್ಲಿ ಹರಿದಾಡಿದರೆ ಸಾಕು, ನನ್ನ ಕೆಲಸಕ್ಕೂ ಸಂಚಕಾರ, ಮಕ್ಕಳ ಮನೆಗಳಿಗೂ ತೊಂದರೆ. ಮೇಷ್ಟ್ರಿದ್ದಿದ್ದರೆ ಎಂದು ಎಷ್ಟು ಸಲ ಅಂದುಕೊಂಡೆನೋ. ಕೊನೆಗೆ ಅವರಂತೆಯೇ ಮುಖಂಡರನ್ನು ಕರೆದೆ. ಮುಂದಿನ ಬೆಂಚಿನಲ್ಲಿ ಅವರ ಪಕ್ಕಕ್ಕೆ ಹೋಗಿ ಕುಳಿತೆ.

ಮೂರನೇ ಬೆಲ್ ಆಯಿತು. ಮುಖಂಡರು ಬಗ್ಗಿ ಬೆಂಚನ್ನು ನೋಡಿದರು.

"ಎಂಥ ಟೀಚರೇ, ನಿಮ್ಗೂ ಕಾಲು ನಡುಗ್ತದಾ?"

ನಾನು ಮೊಣಕಾಲನ್ನು ಅಂಗೈಯಿಂದ ಒತ್ತಿ ಹಿಡಿದೆ.

"ಮೇಷ್ಟ್ರಿಗೂ ಹೀಗೇ. ಪಕ್ಕದಲ್ಲಿ ಕೂತವನಿಗೆ ಗೊತ್ತಾಗುದಿಲ್ವಾ? ಇಷ್ಟು ಹೆದರಿಕೊಂಡೂ ಬಂದು ಕೂರ್ತಾರಲ್ಲ ಅಂತಲೇ ನಾನು ಅವತ್ತು ನಕ್ಕು ಸುಮ್ಮನಾದದ್ದು."

ನನ್ನ ವಿಷಯದಲ್ಲಿ ಏನು ಮಾಡುತ್ತಾರೆಂದು ಅವರು ಹೇಳಲಿಲ್ಲ. ಪರದೆ ಎದ್ದಿತು. ಈ ಸಲ ಎಲ್ಲರಿಗಿಂತ ಮೊದಲು ನಗಬೇಕಾದವಳು ನಾನು.