ತಿರುವಕ್ಕ ತಡವಾಗಿ ಮಾಡಿದ ಫೋನು

ಅವಳನ್ನು ಹೆಸರು ಹಿಡಿದು ಕರೆಯುವವರು ಈಗ ತವರಿನಲ್ಲಿ ಮಾತ್ರ ಉಳಿದಿದ್ದಾರೆ. ಹೊಸದಾಗಿ ಕಂಪನಿ ಕಟ್ಟಿಕೊಂಡು ಏದುಸಿರು ಬಿಡುತ್ತಿರುವವರಿಗೆಲ್ಲ ಅವಳು ತಿರುವಕ್ಕ. ಕಂಪನಿ ಮೊದಮೊದಲು ದಡದಡ ಬೆಳೆದು, ಆಮೇಲೆ ಒಂದು ಕಡೆ ಗಕ್ಕನೆ ನಿಂತುಬಿಡುತ್ತದಲ್ಲ, ಎಷ್ಟು ತಳ್ಳಿದರೂ ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು, ಅಂಥ ಹೊತ್ತಿನಲ್ಲಿ ಅವಳಿಗೆ ಬುಲಾವು ಹೋಗುತ್ತದೆ. ಇದೇ ದಾರಿಯಲ್ಲಿ ಇನ್ನಷ್ಟು ದಿನ ಹಲ್ಲುಕಚ್ಚಿಕೊಂಡು ನಡೆಯಬೇಕೋ, ಇಲ್ಲಾ ಕೈಯಲ್ಲಿರುವುದನ್ನು ಬಿಟ್ಟು ಬೇರೆ ದಾರಿ ಹಿಡಿಯಬೇಕೋ ಎಂದು ಹೇಳುವುದೇ ಅವಳ ಕಸುಬು. ಹೆಚ್ಚಿನ ಸಲ ಅವಳು “ತಿರುಗಿಸಿ” ಅನ್ನುತ್ತಿದ್ದಳು. ಆ ಹೆಸರು ಅಂಟಿಕೊಂಡಿದ್ದು ಹಾಗೆ.

ಅವಳ ಗಂಡ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. “ನಮ್ಮಿಬ್ರದೂ ಒಂದೇ ಕೆಲ್ಸ ಕಣೇ. ನಾನು ಕಾರು ತಿರುಗಿಸೋದು ಹೇಳ್ಕೊಡ್ತೀನಿ, ನೀನು ಕಂಪನಿ ತಿರುಗಿಸೋದು. ನನ್ನ ಕಾರಲ್ಲಾದ್ರೆ ನನ್ನ ಕಾಲಡಿಗೂ ಒಂದು ಬ್ರೇಕ್ ಇರುತ್ತೆ, ನಿಂದಕ್ಕೆ ಅದೂ ಇಲ್ಲ” ಎಂದು ಛೇಡಿಸುತ್ತಿದ್ದ. ಅವಳು ನಗುತ್ತಿದ್ದಳು. ಮನುಷ್ಯ ತಮಾಷೆಗೆ ಹೇಳಿದ್ದು ಎಂದುಕೊಂಡಿದ್ದಳು, ಪಾಪ.

ತಿರುಗಿಸಿ ಎನ್ನುವ ಆತುರ ಅವಳಿಗೆ ಸುಮ್ಮನೆ ಬಂದದ್ದಲ್ಲ. ಹಿಂದೆ ಅವಳದೇ ಒಂದು ಕಂಪನಿ ಇತ್ತು. ಬಸ್ ನಿಲ್ದಾಣದಿಂದ ಆಫೀಸಿಗೆ ಹೋಗುವವರಿಗೆ ಬಾಡಿಗೆ ಸೈಕಲ್ ಕೊಡುವುದು. ಒಂದು ಹಂತಕ್ಕೆ ಬಂದು ನಿಂತ ವ್ಯಾಪಾರ ಅಲ್ಲಿಂದ ಜಪ್ಪಯ್ಯ ಅಂದರೂ ಮೇಲೇಳಲಿಲ್ಲ. ಇವತ್ತು ಸರಿಹೋದೀತು, ನಾಳೆ ಸರಿಹೋದೀತು ಎಂದು ಅವಳು ವರ್ಷಗಟ್ಟಲೆ ಜೋತುಬಿದ್ದಳು. ಕೊನೆಗೆ ಬಾಗಿಲು ಹಾಕಿದ ದಿನ ಸೈಕಲ್ ರಿಪೇರಿ ಮಾಡುತ್ತಿದ್ದವರು ಸ್ಪ್ಯಾನರುಗಳನ್ನು ಒರೆಸಿ ಸಾಲಾಗಿ ಇಟ್ಟು ಎದ್ದುಹೋದರು. ಇನ್ನೊಬ್ಬರಿಗೆ ಈ ಗತಿ ಬರಬಾರದು ಎಂದು ಅವಳು ಸಲಹೆ ಹೇಳುವ ಕೆಲಸಕ್ಕೆ ಇಳಿದದ್ದು. ಉದ್ದೇಶ ಒಳ್ಳೆಯದೇ. ಆದರೆ ಒಮ್ಮೆ ತಡಮಾಡಿ ಕೆಟ್ಟವರಿಗೆ ಆಮೇಲೆ ಕಂಡದ್ದೆಲ್ಲ ತಡವಾಯಿತು ಅನ್ನಿಸತೊಡಗುತ್ತದೆ.

ಅವಳಿಗೊಂದು ಪದ್ಧತಿ ಇತ್ತು. ಯಾವ ಕಂಪನಿಗೇ ಹೋಗಲಿ, ಬಾಯಿ ಬಿಡುವ ಮುಂಚೆ, ಗಿರಾಕಿಗಳಾಗಿದ್ದು ಬಿಟ್ಟುಹೋದವರಿಗೆ ತಾನೇ ಫೋನ್ ಮಾಡುವುದು. ಉಳಿದವರು ಹೊಗಳುತ್ತಾರೆ, ಬಿಟ್ಟವರು ನಿಜ ಹೇಳುತ್ತಾರೆ ಎಂದು ಸಭೆಗಳಲ್ಲಿ ಎದೆ ತಟ್ಟಿಕೊಂಡು ಹೇಳುತ್ತಿದ್ದಳು. ಕೈತುಂಬ ಕೆಲಸ ಬರತೊಡಗಿದ ಮೇಲೆ ಈ ಫೋನುಗಳು ಹಿಂದಕ್ಕೆ ಸರಿದವು. ಗಿರಾಕಿಗಳ ಲೆಕ್ಕ ತೋರಿಸುವ ಗ್ರಾಫಿನ ಗೆರೆ ನೋಡಿದರೆ ಸಾಕು, ರೋಗ ತಿಳಿಯುತ್ತದೆ ಎಂಬ ಧೈರ್ಯ ಬಂದಿತ್ತು.

ಒಂದು ಅಣ್ಣತಂಗಿಯ ಜೋಡಿ ಅವಳನ್ನು ಕರೆಸಿದ್ದು ಇಂಥ ದಿನಗಳಲ್ಲೇ. ಅವರ ಆಫೀಸೆಂದರೆ ಮನೆಯ ಕೆಳಗಿನ ಭಾಗ. ಮುಂದಿನ ಕೋಣೆಯಲ್ಲಿ ಚಪ್ಪಲಿ ಬಿಡುವ ಜಾಗ, ಬಾಗಿಲ ಪಕ್ಕ ಎರಡು ಬೆತ್ತದ ಕುರ್ಚಿ. ಒಳಕೋಣೆಯಲ್ಲಿ ಮೇಜು, ಕಂಪ್ಯೂಟರು, ಗೋಡೆಗೆ ಒಂದು ದೊಡ್ಡ ಪರದೆ. ಅಣ್ಣ ಕಂಪ್ಯೂಟರಿನವನು. ತಂಗಿ ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುತ್ತಿದ್ದವಳು. ಸ್ಟ್ರೋಕ್ ಆಗಿ ಮಾತು ಹೋದವರು ಮನೆಯಲ್ಲೇ ಕುಳಿತು ಮತ್ತೆ ಮಾತು ಕಲಿಯಲೆಂದು ಇಬ್ಬರೂ ಸೇರಿ ಒಂದು ಆ್ಯಪ್ ಮಾಡಿದ್ದರು. ಫೋನಿನಲ್ಲಿ ಲೋಟದ ಚಿತ್ರ ಬರುತ್ತದೆ, ನೋಡಿದವರು ‘ಲೋಟ’ ಅನ್ನಬೇಕು. ತಡವರಿಸಿದರೆ ಅದು ನಿಧಾನವಾಗಿ ಹೇಳಿಕೊಡುತ್ತದೆ. ಅವರ ದನಿಯನ್ನು ತಂಗಿ ಕೇಳಿಸಿಕೊಂಡು ಮುಂದಿನ ಪಾಠ ಹಾಕುತ್ತಾಳೆ.

ಬಾಗಿಲ ಪಕ್ಕದ ಒಂದು ಕುರ್ಚಿ ಅವರ ಅಪ್ಪನದು. ಮಕ್ಕಳು ಈ ಕೆಲಸಕ್ಕೆ ಕೈಹಾಕಿದ್ದೇ ಅಪ್ಪನಿಗೆ ಮಾತು ಹೋದದ್ದಕ್ಕೆ. ಈಗ ಅವರ ಬಾಯಿಗೆ ಬಿಡುವೇ ಇಲ್ಲ. ಯಾರೇ ಒಳಗೆ ಕಾಲಿಡಲಿ, “ಬನ್ನಿ, ಕೂತ್ಕೊಳ್ಳಿ” ಎಂದು ಪಕ್ಕದ ಕುರ್ಚಿ ತೋರಿಸಿ, ಒಂದೊಂದೇ ಪದ ಹೆಕ್ಕಿಕೊಂಡು ಹರಟೆ ಶುರು. “ನಾನು... ಇಲ್ಲಿ ಮ್ಯಾನೇಜರು. ಸಂಬಳ... ಇಲ್ಲ. ರಜಾನೂ... ಇಲ್ಲ” ಅನ್ನುವುದು ಅವರ ಮಾಮೂಲಿ ಜೋಕು. ಮೊದಲ ದಿನ ತಿರುವಕ್ಕ ಅದಕ್ಕೆ ನಕ್ಕಳು. ಎರಡನೆಯ ಸಲ ಗಡಿಯಾರ ನೋಡಿಕೊಂಡಳು.

ಒಳಗೆ ಪರದೆಯ ಮೇಲೆ ಗೆರೆ ನೆಟ್ಟಗೆ ಮಲಗಿತ್ತು. ಬರುವವರು ಬರುತ್ತಿದ್ದರು, ಕೆಲವು ತಿಂಗಳಿದ್ದು ಹೋಗಿಬಿಡುತ್ತಿದ್ದರು. ಬಂದವರೆಷ್ಟೋ ಹೋದವರೂ ಅಷ್ಟೇ.

“ಬಿಂದಿಗೆ ಸೋರ್ತಿದೆ. ಎಷ್ಟು ನೀರು ಹುಯ್ದ್ರೂ ಇಷ್ಟೇ ನಿಲ್ಲೋದು. ಇದನ್ನ ಬಿಡಿ. ದನಿ ಕೇಳಿ ತಪ್ಪು ಹಿಡಿಯೋ ವಿದ್ಯೆ ನಿಮ್ಮ ಕೈಲಿದೆ. ಫೋನಲ್ಲಿ ಮಾಲು ಮಾರೋರಿಗೆ ಮಾತಾಡೋದು ಕಲಿಸಿ. ಅಂಥೋರು ಬೇಕಾದಷ್ಟು ಜನ ಇದಾರೆ” ಎಂದಳು ಅವಳು.

ಅಣ್ಣನ ಮುಖ ಅರಳಿತು. ನಿಂತ ಗೆರೆಯನ್ನು ದಿನಾ ನೋಡಿ ನೋಡಿ ಬೇಸತ್ತಿದ್ದ ಅವನು. ತಂಗಿ ಮಾತ್ರ ಪೆನ್ನಿನ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಕುಳಿತಿದ್ದಳು. “ಅಕ್ಕ, ಬಿಟ್ಟುಹೋದೋರು ಬೇಜಾರಾಗಿ ಹೋಗಿಲ್ಲ ಅನ್ಸುತ್ತೆ. ಮಾತು ಬಂತು, ಹೋದ್ರು, ಅಷ್ಟೇ ಇರ್ಬೇಕು.”

“ಎಲ್ರೂ ಹೀಗೇ ಹೇಳೋದಮ್ಮಾ, ಹೋದೋರೆಲ್ಲ ಖುಷಿಯಾಗೇ ಹೋದ್ರು ಅಂತ. ಅದಕ್ಕೆ ಏನು ಆಧಾರ?”

“ನಮ್ಮಪ್ಪ ಇದಾರಲ್ಲ.”

“ಅಪ್ಪನ್ನ ಪಕ್ಕಕ್ಕಿಡಿ. ಮನೆಯೋರು ಲೆಕ್ಕಕ್ಕೆ ಬರಲ್ಲ.”

ಅವಳ ಕಸುಬಿನಲ್ಲಿ ಅದು ತಪ್ಪು ಮಾತಲ್ಲ. ಮನೆಯವರ ಹೊಗಳಿಕೆ ನಂಬಿ ಮುಳುಗಿದ ಕಂಪನಿಗಳನ್ನು ಅವಳು ಕಂಡಿದ್ದಳು. ಆದರೆ ನಡುವಿನ ಬಾಗಿಲು ಹಾರುಹೊಡೆದಿತ್ತು. ಮುಂದಿನ ಕೋಣೆಯಲ್ಲಿ ಅಷ್ಟು ಹೊತ್ತೂ ಗೊಣಗುಟ್ಟುತ್ತಿದ್ದ ದನಿ ನಿಂತಿತು. ಹೊರಡುವಾಗ ಹಿರಿಯರು ಎಂದಿನಂತೆ “ಹೋಗಿ... ಬನ್ನಿ” ಅಂದರು. ಕೇಳಿಸಿರಲಿಕ್ಕಿಲ್ಲ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಎಲ್ಲ ತೀರ್ಮಾನವಾಯಿತು. ತಿಂಗಳ ಕೊನೆಗೆ ಹಳೆಯದನ್ನು ನಿಲ್ಲಿಸುವುದು, ಅದನ್ನು ಬಳಸುವ ಎಲ್ಲರಿಗೂ ಬರುವ ಶನಿವಾರ ತಿಳಿಸುವುದು.

ಗುರುವಾರ ಬೆಳಗ್ಗೆ ತಿಂಡಿ ತಿನ್ನುತ್ತ ಅವಳು ಗಂಡನಿಗೆ ಈ ಕಥೆ ಹೇಳಿದಳು, ಹೆಮ್ಮೆಯಿಂದಲೇ. ಅವನು ತಟ್ಟೆಯಿಂದ ತಲೆಯೆತ್ತದೆ, “ಬಿಟ್ಟೋರು ಏನಂದ್ರು?” ಅಂದ.

“ಯಾರು?”

“ನೀನು ಯಾವಾಗ್ಲೂ ಫೋನ್ ಮಾಡ್ತೀಯಲ್ಲ, ಅವ್ರು.”

“ಈ ಸಲ ಮಾಡ್ಲಿಲ್ಲ. ಗೆರೇನೇ ಎಲ್ಲ ಹೇಳ್ತಿತ್ತು.”

“ತಿರುಗಿಸೋ ಮುಂಚೆ ಕನ್ನಡಿ ನೋಡ್ದೇ ಇದ್ರೆ ನಾನು ಲೈಸೆನ್ಸ್ ಕೊಡಿಸಲ್ಲಪ್ಪ” ಎಂದು ಅವನು ಕೈತೊಳೆಯಲು ಎದ್ದ.

ಅವಳಿಗೆ ಚುರುಕ್ಕೆಂದಿತು. ಅವನ ಬಾಯಿ ಮುಚ್ಚಿಸಲಿಕ್ಕಾದರೂ ಆಗಲಿ ಎಂದು ಫೋನ್ ಹಿಡಿದು ಕುಳಿತಳು. ಮೊದಲು ಸಿಕ್ಕವನು ಒಬ್ಬ ದರ್ಜಿ. ಯಾಕೆ ಬಿಟ್ಟಿರಿ ಎಂದು ಕೇಳಿದ್ದೇ ತಡ, ಅವನು ಹೊಲಿಗೆ ಯಂತ್ರದ ಸದ್ದಿನ ನಡುವೆ ತನ್ನ ಮಗಳ ಮದುವೆ, ಪಕ್ಕದಂಗಡಿಯವನ ಜಗಳ, ಬಟ್ಟೆ ಬಣ್ಣ ಬಿಟ್ಟದ್ದು, ಎಲ್ಲ ಹೇಳಿದ. ಫೋನ್ ಇಡಬೇಕಾದರೆ ಸಾಕುಬೇಕಾಯಿತು. ಆಮೇಲೆ ಸಿಕ್ಕ ಅಜ್ಜಿ, “ನನ್ನ ಸೊಸೇನ ಬೈಯೋಕೆ ಮಾತು ಬೇಕಾಗಿತ್ತು ತಾಯಿ. ಬಂತು. ಬಿಟ್ಟೆ. ಈಗ ಆ ಆ್ಯಪ್ ಹಾಕಿಕೊಟ್ಟಿದ್ದಕ್ಕೆ ಅವಳೇ ಹಣೆ ಚಚ್ಕೋತಾಳೆ” ಎಂದು ನಕ್ಕಳು. ಒಬ್ಬ ಮಾತ್ರ, ತನಗೇನೂ ಗುಣ ಕಾಣಲಿಲ್ಲ ಎಂದು ಮಗನ ಕೈಯಲ್ಲಿ ಹೇಳಿಸಿದ. ಉಳಿದವರೆಲ್ಲ ಮಾತು, ಮಾತು, ಮಾತು. ಎಂಥ ವಾಚಾಳಿಗಳಪ್ಪಾ, ಕಿವಿ ತೂತು ಬಿತ್ತು ಎಂದು ಅವಳು ಗೊಣಗಿಕೊಂಡಳು.

ಗೊಣಗಿಕೊಂಡ ಮೇಲೆಯೇ ಅವಳಿಗೆ ಹೊಳೆದದ್ದು. ಇವರೆಲ್ಲ ನೀರು ಬೇಕು ಅನ್ನಲೂ ಆಗದಿದ್ದವರು. ಬಿಂದಿಗೆ ಸೋರಿರಲಿಲ್ಲ, ಬಾಯಾರಿದವರು ಕುಡಿದು ಹೋಗಿದ್ದರು. ಆ ಹುಡುಗಿ ಹೇಳಿದ್ದೂ ಅದನ್ನೇ. ಆಧಾರ ಎಲ್ಲಿ ಎಂದು ಅವಳ ಬಾಯಿ ಮುಚ್ಚಿಸಿದ್ದಾಗಿತ್ತು, ಆಧಾರ ಬಾಗಿಲಲ್ಲೇ ಕುಳಿತು ಜೋಕು ಹೇಳುತ್ತಿತ್ತು.

ಇಷ್ಟು ತಿಳಿದ ಮೇಲೆ ಮಾಡಬೇಕಾದದ್ದು ಒಂದೇ ಒಂದು ಫೋನು. ಅವಳು ಫೋನ್ ತೆಗೆದುಕೊಂಡಳು, ಅಣ್ಣನ ನಂಬರನ್ನೂ ತೆರೆದಳು. ಮಾರನೆಯ ದಿನ ಒಂದು ದೊಡ್ಡ ಸಭೆಯಲ್ಲಿ ಅವಳ ಭಾಷಣವಿತ್ತು, ಈ ಅಣ್ಣತಂಗಿಯ ಕಥೆಯೇ ಅದರ ಜೀವಾಳ. ಇನ್ನೂ ನಾಲ್ಕಾರು ಜನರನ್ನು ಕೇಳಿ ಖಾತ್ರಿ ಮಾಡಿಕೊಳ್ಳೋಣ, ಸೋಮವಾರ ಹೋಗಿ ಹೇಳಿದರಾಯಿತು ಎಂದು ಫೋನ್ ಕೆಳಗಿಟ್ಟಳು. ಶನಿವಾರ ಎಲ್ಲರಿಗೂ ಸಂದೇಶ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮರೆತಿರಲಿಲ್ಲ. ಮರೆತಿದ್ದೆ ಎಂದು ಆಮೇಲೆ ಹೇಳಿಕೊಳ್ಳಬಹುದಿತ್ತು, ಆದರೆ ಮರೆತಿರಲಿಲ್ಲ.

ಭಾಷಣಕ್ಕೆ ಚಪ್ಪಾಳೆ ಬಿತ್ತು. ಅವಳು ಮನೆಗೆ ಬಂದು ಊಟ ಬೇಡ ಅಂದಳು. ಶನಿವಾರವೂ ಕಳೆಯಿತು, ಭಾನುವಾರವೂ ಕಳೆಯಿತು.

ಸೋಮವಾರ ಬಾಗಿಲು ತೆರೆದೇ ಇತ್ತು. ಹಿರಿಯರು ಕುರ್ಚಿಯಲ್ಲಿದ್ದರು. ತೊಡೆಯ ಮೇಲೆ ಫೋನು, ಮುಖ ಕೆಳಗಾಗಿ. ಅವಳು “ನಮಸ್ಕಾರ, ಚೆನ್ನಾಗಿದೀರಾ” ಅಂದಳು. ಅವರು ಅವಳನ್ನು ನೋಡಿದರು, ಆಮೇಲೆ ಬೀದಿಯ ಕಡೆ ನೋಡಿದರು. “ಬನ್ನಿ” ಅನ್ನಲಿಲ್ಲ. ಮುನಿಸಿಕೊಂಡಿರಬೇಕು ಎಂದುಕೊಂಡು ಅವಳು ಒಳಗೆ ಹೋದಳು.

ಒಳಗೆ ಏನನ್ನೂ ಮುಚ್ಚಿಡದೆ ಹೇಳಿದಳು. ತನ್ನ ಪದ್ಧತಿಯನ್ನು ತಾನೇ ಮುರಿದದ್ದು, ದರ್ಜಿ, ಅಜ್ಜಿ, ಎಲ್ಲ. “ತಪ್ಪು ನಂದು. ನೀವು ಸರಿಯಾಗೇ ನಡೀತಿದ್ರಿ, ನಾನು ದಾರಿ ತಪ್ಪಿಸ್ದೆ” ಅಂದಳು.

ಅಣ್ಣ, “ಇದೆಲ್ಲ ಯಾವಾಗ ಗೊತ್ತಾಯ್ತು ನಿಮಗೆ?” ಎಂದು ಕೇಳಿದ.

ಭಾನುವಾರ ಅನ್ನಬಹುದಿತ್ತು. ಯಾರು ಕೇಳುತ್ತಿದ್ದರು? “ಗುರುವಾರ” ಅಂದಳು.

ಅವನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಮಾತಾಡಿದವಳು ತಂಗಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾದದ್ದು. “ಮೆಸೇಜು ಅಪ್ಪನ ಫೋನಿಗೂ ಹೋಯ್ತಕ್ಕ. ನಾನೇ ಎಲ್ರಿಗೂ ಒಟ್ಟಿಗೆ ಕಳ್ಸಿದ್ದು, ಅವ್ರ ನಂಬರು ಅದ್ರಲ್ಲಿದೆ ಅನ್ನೋದು ತಲೇಗೇ ಹೋಗ್ಲಿಲ್ಲ. ದಿನಾ ಬೆಳಗ್ಗೆ ಆ್ಯಪ್ ಮುಂದೆ ಕೂತು ಪದ ಹೇಳ್ಕೊಳ್ಳೋರು. ಓದಿದ್ರು, ಫೋನ್ ಮಗುಚಿಟ್ರು. ಶನಿವಾರದಿಂದ ಒಂದು ಮಾತೂ ಆಡಿಲ್ಲ.”

“ಮಾತು ಮತ್ತೆ ಹೋಯ್ತಾ?”

“ಇಂಥೋರಿಗೆ ಮನಸ್ಸು ಮುದುಡಿದ್ರೆ ಮಾತೂ ಒಳಗೆ ಹೋಗಿ ಕೂತ್ಕೊಳ್ಳುತ್ತೆ. ವಾಪಸ್ ಬರ್ಬಹುದು, ಬರ್ದೇನೂ ಇರ್ಬಹುದು.” ಮತ್ತೆ ಹೇಳಿದಳು: “ಅವತ್ತು ನೀವು ಪಕ್ಕಕ್ಕಿಡಿ ಅಂದಿದ್ದೂ ಕೇಳಿಸ್ಕೊಂಡಿದ್ರು. ರಾತ್ರಿ ಊಟಕ್ಕೆ ಕೂತಾಗ ಅದನ್ನೇ ಹೇಳ್ಕೊಂಡು ನಕ್ಕಿದ್ರು. ಇದಕ್ಕೆ ನಗ್ಲಿಲ್ಲ.”

ತಿರುವಕ್ಕನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಗುರುವಾರದಿಂದ ಬಾಯಿಬಿಡದೆ ಕುಳಿತವಳು ತಾನು, ಮಾತು ಕಳೆದುಕೊಂಡವರು ಅವರು.

ಮುಂದೆ ಕಂಪನಿ ಉಳಿಯಿತು, ಅದನ್ನು ಹೇಳಿಬಿಡುತ್ತೇನೆ. ಮೂವರೂ ಕುಳಿತು ಪ್ರತಿಯೊಬ್ಬರಿಗೂ ಫೋನ್ ಮಾಡಿ, ನಿಲ್ಲಿಸುತ್ತಿಲ್ಲ ಎಂದು ತಾವೇ ಬಾಯಾರೆ ಹೇಳಿದರು. ತಿರುವಕ್ಕ ಪ್ರತಿ ಫೋನಿನಲ್ಲೂ ಕ್ಷಮೆ ಕೇಳಿದಳು. ಆಮೇಲೆ ಅವಳು ಹೇಳಿದ ತಿರುವು ಬೇರೆಯದೇ: ಕೆಲಸ ಇದೇ ಇರಲಿ, ಗಿರಾಕಿ ಬದಲಾಗಲಿ. ಗುಣವಾದವರು ಹೋಗಲೇಬೇಕು, ಅವರನ್ನು ಹಿಡಿದಿಡುವುದು ತಪ್ಪು. ಆದರೆ ಆಸ್ಪತ್ರೆಗೆ ಹೊಸಬರು ಬರುತ್ತಲೇ ಇರುತ್ತಾರೆ. ಹಾಗಾಗಿ ಆಸ್ಪತ್ರೆಗಳ ಜೊತೆ ಒಪ್ಪಂದ ಮಾಡಿಕೊಳ್ಳಿ, ಎಷ್ಟು ಜನ ಉಳಿದರು ಅನ್ನುವುದರ ಬದಲು ಎಷ್ಟು ಜನ ಮಾತಾಡಿಕೊಂಡು ಹೋದರು ಎಂದು ತೋರಿಸಿ. ಅದು ಫಲಿಸಿತು. ಮಲಗಿದ್ದ ಗೆರೆ ಎದ್ದಿತು. ಎಲ್ಲರೂ ಅವಳನ್ನು ಹೊಗಳಿದರು, ಅಣ್ಣನೂ ಬರಬರುತ್ತ ಮೊದಲಿನಂತೆ ಅಕ್ಕ ಅನ್ನತೊಡಗಿದ. ಅವಳಿಗೆ ಆ ಹೊಗಳಿಕೆ ರುಚಿಸುತ್ತಿರಲಿಲ್ಲ. ಈ ಕಥೆಯನ್ನು ಅವಳು ಈಗಲೂ ಸಭೆಗಳಲ್ಲಿ ಹೇಳುತ್ತಾಳೆ, ಗುರುವಾರವನ್ನೂ ಸೇರಿಸಿ. ಆಗ ಚಪ್ಪಾಳೆ ಬೀಳುವುದಿಲ್ಲ.

ಈಗ ಅವಳಿಗೆ ಆ ಮನೆಯಲ್ಲಿ ಕೆಲಸವೇನೂ ಉಳಿದಿಲ್ಲ. ಆದರೂ ಪ್ರತಿ ಸೋಮವಾರ ಹೋಗುತ್ತಾಳೆ. ಹಿರಿಯರು ಮತ್ತೆ ಪಾಠಕ್ಕೆ ಕುಳಿತಿದ್ದಾರೆ, ಮೊದಲಿನ ಚಿತ್ರದಿಂದ, ಲೋಟದಿಂದ. ಮನೆಯವರ ಜೊತೆ ನೀರು, ಫ್ಯಾನು, ಸಾಕು, ಇಷ್ಟು ಬಂದಿದೆಯಂತೆ. ಅವಳ ಎದುರು ಮಾತ್ರ ಏನೂ ಇಲ್ಲ. ಅವಳು ನಮಸ್ಕಾರ ಹೇಳಿ, ಊರ ಸುದ್ದಿ, ಗಂಡನ ಡ್ರೈವಿಂಗ್ ಸ್ಕೂಲಿನಲ್ಲಿ ಕಂಬಕ್ಕೆ ಗುದ್ದಿದವರ ಸುದ್ದಿ, ಏನೇನೋ ಹೇಳುತ್ತ ಅವರ ಮುಂದೆ ನಿಂತಿರುತ್ತಾಳೆ.

ಹೋದ ಸೋಮವಾರ ಅವಳು ಚಪ್ಪಲಿ ಬಿಡುತ್ತಿದ್ದಾಗ ಅವರ ತುಟಿ ಅಲುಗಿತು. ಬಹಳ ಕಷ್ಟಪಟ್ಟು, ಎಲ್ಲಿಂದಲೋ ಎಳೆದು ತಂದಂತೆ, “ಬ... ಬನ್ನಿ” ಅಂದರು. ಅವಳ ಕಣ್ಣು ತುಂಬಿಬಂತು. ಅವರು ಬಾಯಿ ತೆರೆದೇ ಇದ್ದರು, ಇನ್ನೊಂದು ಪದಕ್ಕಾಗಿ ಹುಡುಕುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು. ಅದು ಸಿಗಲಿಲ್ಲ.

ಒಳಗಿನಿಂದ ತಂಗಿ ಇಣುಕಿದಳು. “ಯಾಕಕ್ಕ ನಿಂತೇ ಇದೀರಿ? ಕುರ್ಚಿ ಖಾಲಿ ಇದೆಯಲ್ಲ, ಕೂತ್ಕೊಳ್ಳಿ.”

“ಇರ್ಲಿಮ್ಮ. ಅವ್ರು ಹೇಳ್ಲಿ” ಎಂದು ತಿರುವಕ್ಕ ನಿಂತೇ ಇದ್ದಳು.