ಸಂಗೀತದ ಟೀಚರ್‌ಗೆ ಇವತ್ತು ಹುಷಾರಿಲ್ಲ

ಕೋವಿಡ್ ಕಾಲದ ನಿರ್ಬಂಧಗಳೆಲ್ಲ ತೆರವಾಗಿ, ಶಾಲೆಗಳಲ್ಲಿ ಮಕ್ಕಳು ಒಟ್ಟಿಗೆ ನಿಂತು ಹಾಡಬಹುದು ಎಂದು ಅಪ್ಪಣೆಯಾದ ಮರುವರ್ಷದ ಮಾತು. ನಾನು ಆಗ ಸಿಡ್ನಿಯ ಒಂದು ಸರ್ಕಾರಿ ಪ್ರೈಮರಿ ಶಾಲೆಯಲ್ಲಿ ಸಂಗೀತದ ಟೀಚರ್. ಮನೆ ಊರಂಚಿನ ಸ್ಕೋಫೀಲ್ಡ್ಸ್‌ನಲ್ಲಿ, ಶಾಲೆ ನಾರ್ತ್ ಸಿಡ್ನಿಯ ಆಚೆಗೆ. ಹೋಗಿ ಬರುವಷ್ಟರಲ್ಲೇ ಅರ್ಧ ಜೀವ ಹೋಗಿರುತ್ತಿತ್ತು. ಅದು ನನ್ನ ನೌಕರಿಯ ಕೊನೆಯ ವರ್ಷ. ಹಾಗೆಂದು ಯಾರಿಗೂ ಹೇಳಿರಲಿಲ್ಲ, ನನ್ನ ಮಂಡಿಗಳಿಗೆ ಮಾತ್ರ ಗೊತ್ತಿತ್ತು.

ಇಲ್ಲಿನ ಪ್ರೈಮರಿ ಶಾಲೆಗಳಲ್ಲಿ ಸಂಗೀತದ ಪೀರಿಯಡ್ ಹೇಗೆ ಹುಟ್ಟುತ್ತದೆ ಎಂದು ಮೊದಲು ಹೇಳಬೇಕು. ತರಗತಿಯ ಟೀಚರಿಗೆ ಪಾಠ ತಯಾರಿಸಿಕೊಳ್ಳಲು ವಾರದಲ್ಲಿ ಒಂದಿಷ್ಟು ಬಿಡುವು ಕೊಡಬೇಕೆಂಬ ನಿಯಮವಿದೆ. ಆ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಯಾರಾದರೂ ಬೇಕಲ್ಲ, ಆ ಯಾರಾದರೂ ನಾನು. ಮೈಸೂರಿನಲ್ಲಿ ಚಿಕ್ಕಂದಿನಿಂದ ಹಾಡು ಕಲಿತು, ಇಲ್ಲಿಗೆ ಬಂದು ಮತ್ತೆ ಪರೀಕ್ಷೆ ಬರೆದು ಟೀಚರಾಗಿ, ಕೊನೆಗೆ ನಾನು ಆದದ್ದು ಇನ್ನೊಬ್ಬರು ಟೀ ಕುಡಿಯುವ ಸಮಯ. ಇದನ್ನು ಮೊದಮೊದಲು ತಮಾಷೆಯಾಗಿ ಹೇಳುತ್ತಿದ್ದೆ. ಆ ವರ್ಷದ ಹೊತ್ತಿಗೆ ತಮಾಷೆ ಹೋಗಿ ಬರೀ ಮಾತು ಉಳಿದಿತ್ತು.

ನಮ್ಮ ಶಾಲೆಗೆ ಚೀನಾದ ಒಳನಾಡಿನ ಒಂದು ಶಾಲೆಯ ಜೊತೆ ಸೋದರಿ ಶಾಲೆಯ ಸಂಬಂಧವಿತ್ತು. ಇಂಥ ನಂಟುಗಳನ್ನು ನೋಡಿಕೊಳ್ಳುವ ತಂಡ ಮೆಲ್ಬರ್ನ್‌ನಲ್ಲಿತ್ತು. ಆ ವರ್ಷ ಅವರಿಗೊಂದು ಹೊಸ ಯೋಚನೆ ಬಂತು. ಅಲ್ಲಿನ ಐದನೇ ತರಗತಿಗೆ ವಾರಕ್ಕೊಂದು ಸಂಗೀತದ ಪಾಠವನ್ನು ವಿಡಿಯೊ ಮೂಲಕ ನಾವು ಮಾಡಬೇಕು, ಜೂನ್ ಕೊನೆಯಲ್ಲಿ ಅಲ್ಲಿನ ಮಕ್ಕಳೂ ನಮ್ಮ ಆರನೇ ತರಗತಿಯವರೂ ಸೇರಿ ಒಂದು ಹಾಡು ಹಾಡಬೇಕು. ಪ್ರಿನ್ಸಿಪಾಲ್ ನನ್ನನ್ನು ಕರೆದು, "ಸುಮನಾ, ನೀವೇ ಸರಿ, ನಿಮಗೆ ಏಷ್ಯಾ ಗೊತ್ತಲ್ಲ" ಎಂದರು. ಮೈಸೂರಿಗೂ ಚೀನಾಕ್ಕೂ ಎಷ್ಟು ದೂರ ಎಂದು ಅವರಿಗೆ ಯಾರು ಹೇಳಬೇಕು. ಒಪ್ಪಿಕೊಂಡೆ.

ಪಾಠ ಗುರುವಾರ ಮಧ್ಯಾಹ್ನ. ಅಲ್ಲಿ ಬೆಳಗಿನ ಹತ್ತು ಗಂಟೆ. ಭಾಷೆಗೆ ಲಿನ್ ಎಂಬ ಹುಡುಗಿ ಇದ್ದಳು. ಚೀನಾದವಳೇ, ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ಸಂಗೀತ ಶಿಕ್ಷಣ ಓದುತ್ತಿದ್ದಳು. ಮೂವರು ಗೆಳತಿಯರ ಜೊತೆ ಹಂಚಿಕೊಂಡ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ನನ್ನ ಮಾತನ್ನು ಮಕ್ಕಳಿಗೂ ಅವರ ಮಾತನ್ನು ನನಗೂ ದಾಟಿಸುತ್ತಿದ್ದಳು. ಆ ತರಗತಿಯ ಮುಖ್ಯ ಟೀಚರ್ ಝಾವ್ ಎಂಬ ಗಣಿತದ ಮೇಷ್ಟ್ರು. ಹಿಂದಿನ ಗೋಡೆಗೆ ಒರಗಿ ನಿಂತು ಉತ್ತರಪತ್ರಿಕೆ ತಿದ್ದುತ್ತಿದ್ದರು.

ಮಕ್ಕಳು ನಲವತ್ತಕ್ಕೂ ಹೆಚ್ಚು. ಕಲಿಸುವುದು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಅಲ್ಲಿ ಸ್ವರಗಳನ್ನು ಅಂಕಿಗಳಲ್ಲಿ ಬರೆಯುತ್ತಾರೆ: ಒಂದು, ಎರಡು, ಮೂರು, ಐದು, ಆರು. ನಾನು ಮನಸ್ಸಿನಲ್ಲಿ ಸ ರಿ ಗ ಪ ದ ಎಂದುಕೊಂಡರೆ ಕೆಲಸ ಮುಗಿಯಿತು. ನಮ್ಮ ಮೋಹನ ರಾಗದ ಐದು ಸ್ವರಗಳೇ. ಅವುಗಳಲ್ಲೇ ಒಂದು ಚಿಕ್ಕ ಹಾಡು ಕಟ್ಟಿದೆ. ಎರಡು ಗುಂಪು. ಮೊದಲ ಗುಂಪು ನಾಲ್ಕು ಸಾಲು ಹಾಡುವವರೆಗೆ ಎರಡನೆಯದು ಸುಮ್ಮನಿರಬೇಕು, ಆಮೇಲೆ ಬೇರೊಂದು ಧಾಟಿಯಲ್ಲಿ ಸೇರಿಕೊಳ್ಳಬೇಕು. ಮೊದಲ ಗುಂಪು ಸಿಡ್ನಿ, ಎರಡನೆಯದು ಅವರು.

ಮುಂದಿನ ಬೆಂಚಿನಲ್ಲಿ ಜಿಂಗ್ ಎಂಬ ಹುಡುಗಿ ಕೂರುತ್ತಿದ್ದಳು. ಎರಡು ಬೆರಳಿನಿಂದ ಬೆಂಚಿನ ಮೇಲೆ ತಾಳ ಹಾಕುವ ಅಭ್ಯಾಸ. ಒಂದು ದಿನ ಎದ್ದು ನಿಂತು ಏನೋ ಕೇಳಿದಳು. "ನಾವು ಸುಮ್ಮನಿರೋ ಹೊತ್ತಲ್ಲಿ ಏನು ಮಾಡಬೇಕು ಅಂತ ಕೇಳ್ತಿದ್ದಾಳೆ" ಎಂದಳು ಲಿನ್.

"ಎಣಿಸ್ತಾ ಇರಬೇಕು. ಅವರು ಹಾಡ್ತಿರೋದನ್ನ ಮನಸ್ಸಲ್ಲಿ ಹಾಡ್ತಾ ಇರಬೇಕು. ಸುಮ್ಮನಿರೋದೂ ಹಾಡೇ" ಎಂದೆ. ಮೂವತ್ತು ವರ್ಷದಿಂದ ಎಲ್ಲ ತರಗತಿಗಳಿಗೂ ಹೇಳುತ್ತಾ ಬಂದ ಮಾತು, ಕೇಳಿಸಿಕೊಂಡವರು ಕಡಿಮೆ. ಜಿಂಗ್ ತಲೆಯಾಡಿಸಿ ಕುಳಿತಳು.

ಒಂದೇ ತೊಡಕು ತಾಂತ್ರಿಕವಾದದ್ದು. ವಿಡಿಯೊ ಕಾಲ್‌ನಲ್ಲಿ ದನಿ ಆ ಕಡೆ ಮುಟ್ಟಲು ಒಂದು ಚೂರು ಹೊತ್ತು ಹಿಡಿಯುತ್ತದೆ. ಇದಕ್ಕೆ ಲ್ಯಾಗ್ ಎನ್ನುತ್ತಾರೆ. ಮಾತಾಡುವಾಗ ಅದು ಗೊತ್ತಾಗುವುದಿಲ್ಲ, ಹಾಡುವಾಗ ಗೊತ್ತಾಗದೆ ಇರುವುದಿಲ್ಲ. ನಮ್ಮ ಹಾಡು ಅವರಿಗೆ ತಡವಾಗಿ ಕೇಳುತ್ತದೆ, ಅದಕ್ಕೆ ಸೇರಿಸಿ ಅವರು ಹಾಡಿದ್ದು ನಮಗೆ ಇನ್ನೂ ತಡವಾಗಿ ಬರುತ್ತದೆ. ಎರಡೂ ಕಡೆ ಏಕಕಾಲಕ್ಕೆ ಸರಿಯಾಗಿ ಕೇಳುವಂತೆ ಹಾಡಲು ಸಾಧ್ಯವೇ ಇಲ್ಲ. ಆ ಚಿಂತೆ ಜೂನ್‌ಗೆ ಇರಲಿ ಎಂದು ಮುಂದೆ ಹಾಕಿದೆ.

ಮೇ ತಿಂಗಳಲ್ಲಿ ನನಗೊಂದು ಕೆಮ್ಮು ಹಿಡಿಯಿತು. ಒಂದು ಗುರುವಾರ ಕೆಮ್ಮುತ್ತಲೇ ಪಾಠ ಮುಗಿಸಿದೆ. ಮುಂದಿನ ಗುರುವಾರ ಲ್ಯಾಪ್‌ಟಾಪ್ ತೆರೆದು ಕುಳಿತರೆ ಆ ಕಡೆ ಯಾರೂ ಇಲ್ಲ. "ಮಿಸ್, ಅವರ ನೆಟ್‌ವರ್ಕ್ ಸರಿ ಇಲ್ಲವಂತೆ" ಎಂದು ಲಿನ್ ಮೆಸೇಜ್ ಹಾಕಿದಳು. ಅದರ ಮುಂದಿನ ವಾರವೂ ನೆಟ್‌ವರ್ಕ್. ಅದರ ಮುಂದಿನದೂ. ಊಟದ ಬಿಡುವನ್ನು ಬಿಟ್ಟು, ಡಬ್ಬಿ ಮುಚ್ಚಿಟ್ಟು, ಕಪ್ಪು ಪರದೆಯ ಮುಂದೆ ಕೂರುತ್ತಿದ್ದೆ. ಗಾಳಿ ಗುದ್ದಿ ಮೈ ನೋಯಿಸಿಕೊಂಡಂತೆ. ಆ ಮಕ್ಕಳಿಗೆ ಬೇಡವಾಗಿದೆ ಎಂದೇ ನನಗನಿಸಿತು, ಮತ್ತು ಅದು ನೋವಾಯಿತು.

ಈ ಕಡೆಯೂ ಅದೇ ಕಥೆ. ಒಂದು ಸಂಜೆ ಪಾರ್ಕಿಂಗ್‌ನಲ್ಲಿ ರೂಪಾ ಸಿಕ್ಕಿದರು. ಬೆಂಗಳೂರಿನವರು, ಅವರ ಮಗ ಶ್ರೀನಿಧಿ ನಮ್ಮ ಆರನೇ ತರಗತಿಯ ಮೊದಲ ಸಾಲಿನಲ್ಲಿ ಹಾಡುವವನು. "ಆಂಟಿ, ಬೇಜಾರ್ ಮಾಡ್ಕೋಬೇಡಿ. ಇವನಿಗೆ ಹೈಸ್ಕೂಲ್ ಸ್ಕಾಲರ್‌ಶಿಪ್ ಎಕ್ಸಾಮ್ ಇದೆ. ಮ್ಯೂಸಿಕ್ ಟೈಮಲ್ಲಿ ಲೈಬ್ರರೀಲಿ ಕೂತು ಮ್ಯಾತ್ಸ್ ಮಾಡ್ಲಾ ಅಂತ. ಹಾಡೋದು ಯಾವಾಗ್ಲಾದ್ರೂ ಹಾಡ್ಬಹುದು ಅಲ್ವಾ?"

"ನೋಡೋಣಮ್ಮ" ಎಂದೆ. ಅಂದು ಮನೆಗೆ ಹೋಗುವಾಗ ಹೈವೇಯಲ್ಲಿ ಕಾರುಗಳ ಸಾಲು ನಿಂತೇ ಇತ್ತು. ಊಟಕ್ಕಿಲ್ಲದ ಉಪ್ಪಿನಕಾಯಿ ಎನ್ನುತ್ತಾರಲ್ಲ, ನನ್ನದು ಅದಕ್ಕಿಂತ ಕಡೆ. ಊಟವಾದ ಮೇಲೆ ಬಡಿಸುವ ಉಪ್ಪಿನಕಾಯಿ. ಮನೆಯಲ್ಲಿ ಇವರು, "ಇನ್ನೆಷ್ಟು ದಿನ ಈ ಒದ್ದಾಟ? ಸಾಕು ಅನ್ನು" ಎಂದರು. ಸಾಕು ಎನ್ನುವುದಕ್ಕೂ ಶಕ್ತಿ ಬೇಕು.

ಜೂನ್ ನಡುವೆ ಮೆಲ್ಬರ್ನ್‌ನ ತಂಡ ಕ್ಲೇಟನ್‌ನಲ್ಲಿ ಒಂದು ಸಭೆ ಕರೆಯಿತು. ಮುಂದಿನ ವರ್ಷಕ್ಕೆ ಯಾವ ಕಾರ್ಯಕ್ರಮ ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿಚಾರ. ಸಂಗೀತವನ್ನು ಬಿಟ್ಟುಬಿಡಿ, ಜಂಟಿ ಹಾಡು ಆಗುವುದಿಲ್ಲ ಎಂದು ಹೇಳಲು ನಿರ್ಧರಿಸಿಯೇ ವಿಮಾನ ಹತ್ತಿದ್ದೆ. ಸಭೆಗೆ ಮುಂಚೆ ಯೂನಿವರ್ಸಿಟಿಯ ಕ್ಯಾಂಟೀನ್‌ನಲ್ಲಿ ಲಿನ್ ಕಾಯುತ್ತಿದ್ದಳು. ಅಲ್ಲಿಯವರೆಗೆ ಪರದೆಯ ಮೇಲಷ್ಟೇ ನೋಡಿದ್ದೆ. ಎದುರಿಗೆ ಇನ್ನೂ ಚಿಕ್ಕವಳಂತೆ ಕಂಡಳು. ನಾನು ಹೇಳಲಿರುವುದನ್ನು ಅವಳಿಗೆ ತಿಳಿಸಿದೆ. ಅವಳು ಕಾಫಿ ಕಪ್ಪನ್ನು ಪಕ್ಕಕ್ಕೆ ಸರಿಸಿದಳು.

"ಮಿಸ್, ನೆಟ್‌ವರ್ಕ್ ಚೆನ್ನಾಗೇ ಇತ್ತು. ನಿಮಗೆ ಹೇಳೋಕೆ ನನಗೆ ನಾಚಿಕೆ ಆಯ್ತು" ಎಂದಳು. "ಪರೀಕ್ಷೆ ಹತ್ರ ಬಂದ್ರೆ ನಮ್ಮಲ್ಲಿ ಸಂಗೀತದ ಪೀರಿಯಡ್ ಗಣಿತಕ್ಕೆ ಹೋಗುತ್ತೆ. ನಾನು ಓದುವಾಗಲೂ ಹಾಗೇ. ಗಣಿತದ ಟೀಚರ್ ಬಂದು, ಸಂಗೀತದ ಟೀಚರ್‌ಗೆ ಇವತ್ತು ಹುಷಾರಿಲ್ಲ, ಪುಸ್ತಕ ತೆಗೀರಿ ಅಂತಾರೆ. ಅದು ಸುಳ್ಳು ಅಂತ ಮಕ್ಕಳಿಗೆಲ್ಲ ಗೊತ್ತಿರುತ್ತೆ. ಅದೊಂದು ಹಳೇ ಜೋಕು."

"ಅಂದ್ರೆ ಇಷ್ಟು ವಾರವೂ ನನಗೆ ಹುಷಾರಿರಲಿಲ್ಲ ಅನ್ನು."

"ಹೌದು. ಆದ್ರೆ ಕೊನೇ ಕ್ಲಾಸಲ್ಲಿ ನೀವು ನಿಜವಾಗಲೂ ಕೆಮ್ಮುತ್ತಿದ್ರಿ. ಅದಕ್ಕೆ ಈ ಸಲ ಕೆಲವರು ನಂಬಿಬಿಟ್ರು. ಜಿಂಗ್ ನಂಬಿದಾಳೆ." ಅವಳು ಫೋನ್ ತೆಗೆದು ನನ್ನ ಮುಂದಿಟ್ಟಳು. "ನಿನ್ನೆ ಅವಳಮ್ಮನ ಫೋನಿಂದ ಇದನ್ನ ಕಳಿಸಿದಾಳೆ. ನಿಮಗೆ ಬೇಗ ವಾಸಿಯಾಗಲಿ ಅಂತ."

ವಿಡಿಯೊದಲ್ಲಿ ಶಾಲೆಯ ಮೆಟ್ಟಿಲು. ಅದರ ಮೇಲೆ ಹತ್ತು ಹನ್ನೆರಡು ಮಕ್ಕಳು ಸಾಲಾಗಿ ನಿಂತಿದ್ದರು. ಜಿಂಗ್ ಕೈಯೆತ್ತಿ ಸನ್ನೆ ಮಾಡಿದಳು. ಯಾರೂ ಬಾಯಿ ತೆರೆಯಲಿಲ್ಲ. ಫೋನಿನ ದನಿ ಬಂದ್ ಆಗಿರಬೇಕೆಂದು ನಾನು ಅದನ್ನು ಎತ್ತಿಕೊಂಡು ಕಿವಿಗೆ ಹಿಡಿದೆ; ಎಲ್ಲೋ ಸೈಕಲ್ ಗಂಟೆ ಕೇಳಿಸಿತು. ಮಕ್ಕಳು ಸುಮ್ಮನೆ ನಿಂತೇ ಇದ್ದರು. ಆಗ ಜಿಂಗಳ ಎರಡು ಬೆರಳುಗಳು ಅವಳ ತೊಡೆಯ ಮೇಲೆ ಆಡುತ್ತಿರುವುದು ಕಂಡಿತು. ಎಣಿಸುತ್ತಿದ್ದಳು. ನಾಲ್ಕು ಸಾಲಿನ ಹೊತ್ತು ಕಳೆದ ಮೇಲೆ ಎಲ್ಲರೂ ಒಟ್ಟಿಗೆ ತಮ್ಮ ಧಾಟಿಯನ್ನು ಎತ್ತಿಕೊಂಡರು, ಕೊನೆಯವರೆಗೆ ಹಾಡಿದರು, ತಲೆಬಾಗಿ ನಮಸ್ಕರಿಸಿದರು.

ಪಾಠವೇ ಇಲ್ಲದ ವಾರಗಳಲ್ಲಿ, ಯಾರೂ ಹೇಳದೆ, ಅವರು ಅಭ್ಯಾಸ ಮಾಡಿಕೊಂಡಿದ್ದರು. ನಮ್ಮ ಮಕ್ಕಳ ಜಾಗವನ್ನು ಖಾಲಿ ಬಿಟ್ಟುಕೊಂಡು ಹಾಡಿದ್ದರು. ಕ್ಯಾಂಟೀನ್‌ನಲ್ಲಿ ಅಷ್ಟು ಜನರ ನಡುವೆ ನಾನು ಅತ್ತೆ. ಲಿನ್ ಟಿಶ್ಯೂ ತಂದುಕೊಟ್ಟು, ತನ್ನಿಂದಲೇ ಹೀಗಾಯಿತು ಎಂಬಂತೆ ಪಕ್ಕದಲ್ಲಿ ನಿಂತುಕೊಂಡಳು.

ಸಭೆಯಲ್ಲಿ ನಾನು ಹೇಳಿದ್ದು ಇಷ್ಟೇ: "ಮುಂದಿನ ವರ್ಷ ಏನು ಬೇಕಾದರೂ ಮಾಡಿ. ಈ ವರ್ಷ ಆ ಮಕ್ಕಳಿಗೆ ಒಂದು ಪೀರಿಯಡ್ ಕೊಡಿಸಿ. ಪರೀಕ್ಷೆ ಮುಗಿದ ಮೇಲಾದರೂ ಸರಿ." ತಂಡದವರು ಆ ಶಾಲೆಗೆ ಬರೆದರು, ಅಲ್ಲಿನ ಹೆಡ್‌ಮಾಸ್ಟರ್ ಒಪ್ಪಿದರು. ಟರ್ಮಿನ ಕೊನೆಯ ಗುರುವಾರ ಸಿಕ್ಕಿತು.

ಸಿಡ್ನಿಗೆ ಬಂದು ಆ ವಿಡಿಯೊವನ್ನು ಆರನೇ ತರಗತಿಗೆ ತೋರಿಸಿದೆ. ಆರಂಭದ ಮೌನಕ್ಕೆ ಒಂದಿಬ್ಬರು ನಕ್ಕರು. ಲೈಬ್ರರಿಯಲ್ಲಿರಬೇಕಾದ ಶ್ರೀನಿಧಿ ಅಂದು ಬಂದಿದ್ದ, ನಾನೂ ಏಕೆಂದು ಕೇಳಲಿಲ್ಲ. "ಮಿಸ್, ಅದು ನಮ್ಮ ಭಾಗ. ಮತ್ತೆ ಹಾಕಿ" ಎಂದ. ಎರಡನೇ ಸಲ ಹಾಕಿದಾಗ ನಮ್ಮ ಮಕ್ಕಳು ಆ ಮೌನದ ಮೇಲೆ ಹಾಡಿದರು, ನಾಲ್ಕು ಸಾಲಾದ ಮೇಲೆ ಮೆಟ್ಟಿಲ ಮೇಲಿನ ಮಕ್ಕಳು ಬಂದು ಸೇರಿಕೊಂಡರು. ಕೂದಲೆಳೆಯ ಹೆಚ್ಚುಕಡಿಮೆಯಿಲ್ಲದೆ ಕೂಡಿತು.

ಆದರೆ ಅದನ್ನು ಕೇಳಿದ್ದು ನಾವು ಮಾತ್ರ. ಆ ಮಕ್ಕಳು ಇನ್ನೂ ಅರ್ಧ ಹಾಡನ್ನಷ್ಟೇ ಕೇಳಿದ್ದರು.

ಕೊನೆಯ ಗುರುವಾರ ಪರದೆ ಬೆಳಗಿತು. ನಲವತ್ತು ಮುಖಗಳೂ ಒಟ್ಟಿಗೆ ಏನೋ ಕೂಗಿದವು. "ಸು ಲಾವ್‌ಶಿ, ವಾಸಿ ಆಯ್ತಾ ಅಂತ ಕೇಳ್ತಿದ್ದಾರೆ" ಎಂದಳು ಲಿನ್. ಸು ಎಂದರೆ ನಾನು, ಲಾವ್‌ಶಿ ಎಂದರೆ ಅವರ ಭಾಷೆಯಲ್ಲಿ ಟೀಚರ್. ಹಿಂದೆ ನಿಂತಿದ್ದ ಝಾವ್ ಮೇಷ್ಟ್ರು ಛಾವಣಿಯ ಫ್ಯಾನನ್ನು ನೋಡತೊಡಗಿದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರ ಬೆನ್ನ ಹಿಂದೆಯೂ ನಲವತ್ತು ಜನ ರೂಪಾಗಳಿರುತ್ತಾರೆ. ಎಲ್ಲರ ಮನೆ ದೋಸೆಯೂ ತೂತೇ.

"ವಾಸಿ ಆಯ್ತು. ನೀವು ಕಳಿಸಿದ ಔಷಧಿ ಚೆನ್ನಾಗಿತ್ತು" ಎಂದೆ.

ಆಮೇಲೆ ಮುಂದೆ ಹಾಕಿದ್ದ ಆ ಲ್ಯಾಗಿನ ಲೆಕ್ಕಕ್ಕೆ ಬಂದೆ. ನಮ್ಮ ಮಕ್ಕಳನ್ನು ಹತ್ತಿರ ಕರೆದು ಹೇಳಿದೆ: "ನಾವು ಹಾಡಿದ್ದನ್ನ ಕೇಳಿಸ್ಕೊಂಡು ಅವರು ಹಾಡಿದ್ರೆ ಅಲ್ಲಿ ಎರಡೂ ಕೂಡುತ್ತೆ. ಆದ್ರೆ ಅವರ ದನಿ ಇಲ್ಲಿಗೆ ತಡವಾಗಿ ಬರುತ್ತೆ. ಅದನ್ನ ಕೇಳ್ತಾ ಹಾಡಿದ್ರೆ ನಾವು ನಿಧಾನ ಆಗ್ತೀವಿ, ಹಾಡು ಕೆಡುತ್ತೆ. ಅದಕ್ಕೆ ನಮ್ಮ ಸ್ಪೀಕರ್ ಬಂದ್ ಮಾಡ್ತೀನಿ."

"ಹಾಗಾದ್ರೆ ನಮಗೆ ಅವರದು ಕೇಳೋದೇ ಇಲ್ವಾ?" ಎಂದು ಶ್ರೀನಿಧಿ ಕೇಳಿದ.

"ಇಲ್ಲ. ನಮಗೆ ಒಂದು ಸಲ ಕೇಳಿಸಿದೆ. ಈಗ ಅವರ ಸರದಿ."

ಅವನು ಸ್ವಲ್ಪ ಯೋಚಿಸಿ ಸರಿ ಎಂದ.

ಸ್ಪೀಕರ್ ಬಂದ್ ಮಾಡಿ ಕೈಯೆತ್ತಿದೆ. ನಮ್ಮ ಮಕ್ಕಳು ನನ್ನ ಕೈಯನ್ನೇ ನೋಡುತ್ತಾ ಹಾಡಿದರು. ಪರದೆಯಲ್ಲಿ ಜಿಂಗಳ ಎರಡು ಬೆರಳು ಬೆಂಚಿನ ಮೇಲೆ ಆಡುತ್ತಿದ್ದವು. ನಾಲ್ಕು ಸಾಲು ಮುಗಿಯಿತು. ಚೂರು ತಡವಾಗಿ ಆ ಕಡೆಯ ನಲವತ್ತು ಬಾಯಿಗಳೂ ತೆರೆದುಕೊಂಡವು, ಸದ್ದಿಲ್ಲದೆ, ನಮ್ಮ ಹಾಡಿಗೆ ಒಂದಿಷ್ಟೂ ಹೊಂದದೆ. ನಮ್ಮ ಪಾಲಿನದನ್ನಷ್ಟೇ ಕೇಳುತ್ತಾ ನಾವು ಕೊನೆಯವರೆಗೆ ಹಾಡಿದೆವು. ಮುಗಿದ ಮೇಲೆ ಸ್ಪೀಕರ್ ಹಾಕಿದೆ. ಝಾವ್ ಮೇಷ್ಟ್ರು ಗೋಡೆ ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದು ನಿಂತಿದ್ದರು. ಜಿಂಗ್ ಎದ್ದು ಒಂದೇ ಒಂದು ಮಾತು ಹೇಳಿದಳು.

"ಕೂಡಿತಂತೆ, ಮಿಸ್" ಎಂದಳು ಲಿನ್.

ಮುಂದಿನ ವರ್ಷ ಆ ಕಾರ್ಯಕ್ರಮ ಇಂಗ್ಲಿಷ್ ಸಂಭಾಷಣೆಯ ಪಾಠವಾಯಿತು. ಮಕ್ಕಳಿಗೆ ಅದು ಹೆಚ್ಚು ಉಪಯೋಗ ಎಂದರು, ಇರಬಹುದು. ಡಿಸೆಂಬರ್‌ನಲ್ಲಿ ನಾನು ನಿವೃತ್ತಳಾದೆ. ನನ್ನ ಪೀರಿಯಡ್ ಈಗ ಯಾರ ಟೀ ಕುಡಿಯುವ ಸಮಯವೋ ಗೊತ್ತಿಲ್ಲ. ಇಷ್ಟು ವರ್ಷದ ಕೆಲಸ ನನಗೆ ಏನು ಕಲಿಸಿತು ಎಂದು ಕೇಳುವವರಿಗೆ ಆ ಗುರುವಾರವನ್ನೇ ಹೇಳುತ್ತೇನೆ. ಮೇಷ್ಟರಾದವರು ಹಾಡು ಕೂಡುವ ಕಡೆ ಇರುವುದಿಲ್ಲ. ಈ ಕಡೆ ನಿಂತು ನಮ್ಮ ಪಾಲಿನದನ್ನು ತಾಳ ತಪ್ಪದಂತೆ ಹಾಡಿ ಮುಗಿಸಬೇಕು. ಕೂಡಿತೋ ಇಲ್ಲವೋ ಎಂದು ಆ ಕಡೆಯವರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನನಗೆ ಒಮ್ಮೆ ಹೇಳಿದರು.