ಬೆಟ್ಟದ ತಿರುವಿನಲ್ಲಿ ಲಾಲಿ

ಚಾಮುಂಡಿ ಬೆಟ್ಟದಿಂದ ಆಟೋದಲ್ಲಿ ಇಳಿಯುತ್ತಿದ್ದೆ. ಮುಂದುಗಡೆ ತಾಯಿ ಚಾಮುಂಡಿಯ ಪಟ, ಪಕ್ಕದಲ್ಲೇ ತೀರಿಹೋದ ಹಿಂದಿ ಸಿನಿಮಾ ಗಾಯಕಿಯ ಪಟ. ಎರಡಕ್ಕೂ ಮಲ್ಲಿಗೆ ಹಾರ. ಆ ಗಾಯಕಿಯ ಹಾಡು ಶುರುವಾದದ್ದೇ ತಡ, ಡ್ರೈವರ್ ತಿರುವಿನಲ್ಲೇ ಕಣ್ಣು ಮುಚ್ಚಿದರು. ಒಂದು ಕಡೆ ಪ್ರಪಾತ. ಮುಂದಿನ ಕಂಬಿಯನ್ನು ಹಿಡಿದುಕೊಂಡೆ.

“ಅಯ್ಯೋ, ಕಣ್ಣು ಬಿಡ್ರೀ!” ಎಂದು ಕಿರುಚಿದೆ.

“ಏನ್ಮಾಡ್ಲಿ ಸಾರ್, ನಮ್ಮವ್ವಂಗೆ ಹಿಂದಿ ಒಂದಕ್ಷರ ಬರ್ತಿರ್ಲಿಲ್ಲ. ಆದ್ರೂ ಟೇಪಲ್ಲಿ ಈಯಮ್ಮನ ಹಾಡು ಹಾಕೇ ನನ್ನ ಮಲಗಿಸ್ತಿದ್ಳು. ಈಗ್ಲೂ ಕೇಳಿದ್ರೆ ಕಣ್ಣು ತಾನಾಗೇ ಮುಚ್ಕೊಂಬುಡ್ತದೆ.”

“ಹಾಗಾದ್ರೆ ಯಾವ್ದಾದ್ರೂ ಕನ್ನಡ ಹಾಡು ಹಾಕ್ರೀ.”

“ಅದು ಬ್ಯಾಡಿ ಸಾರ್, ಕುಣಿಯಂಗಾಯ್ತದೆ.”

ಎಲ್ಲ ತಾಯಂದಿರಂತೆ ಆಕೆಯೂ ಗುಮ್ಮ ಬಂದ ಅಂತ ಹೆದರಿಸಿ ಮಗನನ್ನು ಮಲಗಿಸಬಾರದಿತ್ತೇ ಎಂದುಕೊಳ್ಳುತ್ತಾ ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.